ಮುಳ್ಳಿನಿಂದ ಮುಳ್ಳು

ಮುಳ್ಳನ್ನು ಮುಳ್ಳಿನಿಂದಲೇ ತೆಗೆಯಬೇಕೆಂಬ ಗಾದೆ ನಮ್ಮಲ್ಲಿ ಎಲ್ಲರ ಬಾಯಲ್ಲಿಯೂ ಇದೆ. ಆದರೆ ತೆಗೆಯುವ ಮುಳ್ಳೂ ಮುಳ್ಳೇ ಎಂಬುದನ್ನು ನಾವು ಮರೆಯುವುದುಂಟು. ಅದನ್ನು ಹಿಡಿದ ಕೈ ಹದವನ್ನು ಬಲ್ಲದ್ದಾಗಿರಬೇಕು. ಕಾಲನ್ನು ಒಡ್ಡಿದವನು ತಾನಾಗಿಯೇ ಒಡ್ಡಿರಬೇಕು. ಮನುಷ್ಯನ ಮೈಯನ್ನು ಹೊಕ್ಕು ಅವನ ಕಾವಲುಪಡೆಯನ್ನೇ ಕೊಲ್ಲುವ ಎಚ್.ಐ.ವಿ. ಎಂಬ ವೈರಸ್ಸನ್ನು ತಡೆಗಟ್ಟಲು ವಿಜ್ಞಾನಿಗಳು ಇನ್ನೊಂದು ವೈರಸ್ಸನ್ನೇ ಸಾಧನವಾಗಿ ಮಾಡಿಕೊಳ್ಳಲು ಯತ್ನಿಸುತ್ತಿರುವರು. ಆ ಯತ್ನವೇನು, ಅದರಿಂದ ನಮ್ಮಂಥವರಿಗೆ ಆಗುವುದೇನು, ಅದನ್ನು ಯಾವ ಕಟ್ಟಳೆಗಳ ಮೇಲೆ ನಾವು ಸ್ವಾಗತಿಸಬೇಕು ಎಂಬ ವಿಷಯವಾಗಿ ನನಗೆ ತೋಚಿದ ನಾಲ್ಕು ಮಾತುಗಳನ್ನು ಗುರುಗಳ ಮತ್ತು ಸಹಪಾಠಿಗಳ ಮುಂದಿಡುವುದು ಈ ಲೇಖನದ ಉದ್ದೇಶ.

ಚರಿತ್ರೆ, ಅರ್ಥಶಾಸ್ತ್ರ, ಕನ್ನಡಗಳನ್ನು ಓದುವವನಿಗೆ ಈ ಉಸಾಬರಿ ಏಕೆಂದು ಯಾರಾದರೂ ಕೇಳಬಹುದು. ಪ್ರಯೋಗಶಾಲೆಯ ಗಾಜಿನ ನಳಿಗೆ ವಿಜ್ಞಾನದ ವಿದ್ಯಾರ್ಥಿಗಳ ಸ್ವತ್ತೆಂಬುದು ನಿಜ. ಆದರೆ ಆ ನಳಿಗೆಯಲ್ಲಿದ್ದುದು ಯಾರ ತೋಳಿಗೆ ಇಳಿಯಬೇಕು, ಮೊದಲು ಯಾರಿಗೆ, ಯಾವ ಬೆಲೆಗೆ, ಯಾರ ಅನುಮತಿಯಿಂದ ಎಂಬ ಪ್ರಶ್ನೆಗಳು ವಿಜ್ಞಾನದವಲ್ಲ. ಅವು ಸಮಾಜದ ಪ್ರಶ್ನೆಗಳು, ನ್ಯಾಯದ ಪ್ರಶ್ನೆಗಳು, ಭಾಷೆಯ ಪ್ರಶ್ನೆಗಳು. ಅವುಗಳಿಗೆ ಉತ್ತರ ಹುಡುಕುವ ಹೊಣೆ ನಮ್ಮ ಮೇಲೂ ಇದೆ.

ಒಂದು ವೈರಸ್ಸನ್ನು ಇನ್ನೊಂದರಿಂದ ತಡೆಯುವುದು ಕನ್ನಡನಾಡಿಗೆ ಹೊಸತೇನೂ ಅಲ್ಲ. ಹಸುವಿನ ಸಿಡುಬಿನ ರಸವನ್ನು ತೋಳಿಗೆ ಹಾಕಿ ಮನುಷ್ಯರ ಸಿಡುಬನ್ನು ತಡೆಯುವ ಉಪಾಯ ಹತ್ತೊಂಬತ್ತನೆಯ ಶತಮಾನದ ಆರಂಭದಲ್ಲಿಯೇ ಮೈಸೂರಿಗೆ ಬಂದಿತು. ಥಾಮಸ್ ಹಿಕ್ಕಿ ಎಂಬ ಚಿತ್ರಕಾರನು 1805ರ ಸುಮಾರಿಗೆ ಬರೆದ ಮೈಸೂರು ಅರಮನೆಯ ರಾಣಿಯರ ಚಿತ್ರವೊಂದಿದೆ. ಅದರಲ್ಲಿ ಒಬ್ಬ ರಾಣಿಯು ತನ್ನ ಸೆರಗನ್ನು ಸರಿಸಿ ತೋಳಿನ ಕಡೆಗೆ ಕೈ ತೋರುತ್ತಿರುವುದು ಲಸಿಕೆ ಹಾಕಿಸಿಕೊಂಡ ಗುರುತನ್ನು ಪ್ರಜೆಗಳಿಗೆ ತೋರಿಸುವ ಸಲುವಾಗಿಯೇ ಎಂದು ಇತಿಹಾಸಕಾರರು ಅಭಿಪ್ರಾಯಪಟ್ಟಿರುವರು. ಅದು ನಿಜವಾಗಿದ್ದರೆ, ಅರಮನೆಯವರು ತಾವು ಮೊದಲು ಚುಚ್ಚಿಸಿಕೊಂಡು ತರುವಾಯ ಜನರನ್ನು ಕರೆದರೆಂದಾಯಿತು. ಈ ಕ್ರಮವನ್ನು ವಾಚಕರು ನೆನಪಿನಲ್ಲಿಟ್ಟುಕೊಳ್ಳಬೇಕೆಂದು ಪ್ರಾರ್ಥನೆ.

ನಮ್ಮ ಈ ಪೂರ್ವಭಾಗದ ಬೆಂಗಳೂರಿನ ಬೀದಿಗಳಲ್ಲಿಯೂ ರೋಗದ ಚರಿತ್ರೆ ಬರೆದಿದೆ. 1898ರಲ್ಲಿ ಪ್ಲೇಗು ಬೆಂಗಳೂರಿಗೆ ಬಂದಾಗ ಪೇಟೆಯೂ ಕಂಟೋನ್ಮೆಂಟೂ ಎರಡೂ ತತ್ತರಿಸಿದವು. ಅದರ ಪಾಠದ ಫಲವಾಗಿ, ದಟ್ಟಣೆಯನ್ನು ತಗ್ಗಿಸಿ ಗಾಳಿ ಬೆಳಕುಗಳಿರುವ ಮನೆಗಳನ್ನು ಕಟ್ಟಬೇಕೆಂದು ಎದ್ದು ನಿಂತದ್ದು ಫ್ರೇಜರ್ ಟೌನ್. 1910ರಲ್ಲಿ ಆರಂಭವಾದ ಆ ಬಡಾವಣೆಯೇ ಇಂದಿನ ಪುಲಕೇಶಿನಗರ. ಅದೇ 1898ರಲ್ಲಿ ಹುಬ್ಬಳ್ಳಿಯಲ್ಲಿ ಹಾಫ್‌ಕಿನ್ನರ ಪ್ಲೇಗಿನ ಲಸಿಕೆಯನ್ನು ಸಾವಿರಾರು ಜನ ಹಾಕಿಸಿಕೊಂಡರು. ಇದು ಚರಿತ್ರೆಯ ಒಳ್ಳೆಯ ಮುಖ. ಇನ್ನೊಂದು ಮುಖವೂ ಇದೆ. ಅದೇ ಶತಮಾನದಲ್ಲಿ ಇದೇ ಕಂಟೋನ್ಮೆಂಟಿನಲ್ಲಿ ‘ಲಾಕ್ ಆಸ್ಪತ್ರೆ’ ಎಂಬುದೊಂದಿತ್ತು. ಗೋರಾ ಸಿಪಾಯಿಗಳಿಗೆ ಗುಹ್ಯರೋಗ ತಗಲಬಾರದೆಂದು ಬಡ ಹೆಂಗಸರ ಹೆಸರುಗಳನ್ನು ದಾಖಲೆ ಮಾಡಿ, ಬಲವಂತದಿಂದ ಪರೀಕ್ಷಿಸಿ, ರೋಗವಿದ್ದವರನ್ನು ಅಲ್ಲಿ ಕೂಡಿಹಾಕುತ್ತಿದ್ದರು. ಸಿಪಾಯಿಗೆ ಅಂಥ ಬಂಧನವಿರಲಿಲ್ಲ. ಅದಕ್ಕೆ ಆಧಾರವಾಗಿದ್ದ ಶಾಸನ 1888ರಲ್ಲಿ ರದ್ದಾಯಿತು. ಒಬ್ಬರ ರಕ್ಷಣೆಗಾಗಿ ಇನ್ನೊಬ್ಬರ ಮೈಯನ್ನು ಕೇಳದೆ ಬಳಸಿಕೊಳ್ಳುವುದು ಎಂದರೇನೆಂಬುದಕ್ಕೆ ನಾವು ದೂರದ ದೇಶಗಳ ಉದಾಹರಣೆಯನ್ನು ಹುಡುಕಬೇಕಾಗಿಲ್ಲ.

ಈಗ ಪ್ರಕೃತ ವಿಷಯಕ್ಕೆ ಬರೋಣ. ಏಡ್ಸ್ ರೋಗ ಜಗತ್ತಿನ ಗಮನಕ್ಕೆ ಬಂದುದು 1981ರಲ್ಲಿ. ಅದರ ಕಾರಣವಾದ ವೈರಸ್ಸನ್ನು ಪ್ಯಾರಿಸ್ಸಿನ ವಿಜ್ಞಾನಿಗಳು ಗುರುತಿಸಿದುದು 1983ರಲ್ಲಿ. ಭಾರತದಲ್ಲಿ ಅದು ಇದೆಯೆಂದು ಮೊದಲು ಗೊತ್ತಾದುದು 1986ರಲ್ಲಿ, ಮದರಾಸಿನಲ್ಲಿ. ಡಾ. ಸುನೀತಿ ಸಾಲೊಮನ್ ಮತ್ತು ಅವರ ವಿದ್ಯಾರ್ಥಿನಿ ನಿರ್ಮಲಾ ಅವರು ಸಂಗ್ರಹಿಸಿದ ರಕ್ತದ ಮಾದರಿಗಳಿಂದ ಅದು ಬೆಳಕಿಗೆ ಬಂದಿತು. ಇಂದು ನಮ್ಮ ದೇಶದಲ್ಲಿ ಸುಮಾರು 25 ಲಕ್ಷ ಜನ ಈ ವೈರಸ್ಸಿನೊಡನೆ ಬಾಳುತ್ತಿರುವರೆಂದು ಸರಕಾರದ ಅಂದಾಜು. ಅವರಲ್ಲಿ ಎರಡೂವರೆ ಲಕ್ಷಕ್ಕೂ ಮಿಕ್ಕ ಜನ ಕರ್ನಾಟಕದವರು. 2004ರಿಂದ ಸರಕಾರವು ಇದರ ಮಾತ್ರೆಗಳನ್ನು ಉಚಿತವಾಗಿ ಕೊಡುತ್ತಿದೆ. ಶಿವಾಜಿನಗರದ ಬೌರಿಂಗ್ ಆಸ್ಪತ್ರೆಯಲ್ಲಿಯೂ ಅಂಥ ಒಂದು ಚಿಕಿತ್ಸಾ ಕೇಂದ್ರವಿದೆ. ಮಾತ್ರೆಯನ್ನು ತಪ್ಪದೆ ನುಂಗುವವರು ದೀರ್ಘಕಾಲ ಆರೋಗ್ಯದಿಂದ ಬಾಳಬಲ್ಲರು. ರಕ್ತದಲ್ಲಿ ವೈರಸ್ಸು ಅಳತೆಗೆ ಸಿಗದಷ್ಟು ತಗ್ಗಿದರೆ ಅವರಿಂದ ದಾಂಪತ್ಯದ ಮೂಲಕ ಇನ್ನೊಬ್ಬರಿಗೆ ರೋಗ ಹರಡುವುದೂ ಇಲ್ಲ. ಇದು ವಿಜ್ಞಾನದ ಮಹಾವಿಜಯವೆಂಬುದರಲ್ಲಿ ಸಂದೇಹವಿಲ್ಲ.

ಹೀಗಿದ್ದರೂ ಸಿಡುಬಿಗೆ ಸಿಕ್ಕಂಥ ಲಸಿಕೆ ನಾಲ್ಕು ದಶಕಗಳಾದರೂ ಎಚ್.ಐ.ವಿ.ಗೆ ಸಿಕ್ಕಿಲ್ಲ. ಏಕೆ? ಸಾಮಾನ್ಯ ಲಸಿಕೆಯು ಮೈಗೆ ಕಳ್ಳನ ಚಿತ್ರವನ್ನು ತೋರಿಸಿ ‘ಇವನು ಬಂದರೆ ಹಿಡಿ’ ಎಂದು ಕಾವಲುಗಾರನಿಗೆ ಕಲಿಸುವ ಉಪಾಯ. ಆದರೆ ಈ ಕಳ್ಳನು ದಿನಕ್ಕೊಂದು ವೇಷ ಹಾಕುತ್ತಾನೆ. ತನ್ನ ಪ್ರತಿಗಳನ್ನು ಮಾಡಿಕೊಳ್ಳುವಾಗ ಎಡವಿ ಎಡವಿ ತಿದ್ದಿಕೊಳ್ಳದೆ ಹೋಗುವುದರಿಂದ ಅದರ ಹೊರಕವಚ ಬದಲಾಗುತ್ತಲೇ ಇರುತ್ತದೆ. ಸಾಲದುದಕ್ಕೆ ಅದು ಕಾವಲುಗಾರನ ಮನೆಯೊಳಗೇ ಹೊಕ್ಕು, ಅವನ ವಂಶವಾಹಿಗಳ ನಡುವೆ ತನ್ನದನ್ನೂ ಸೇರಿಸಿ ಅಡಗಿ ಕುಳಿತುಬಿಡುತ್ತದೆ. 2009ರಲ್ಲಿ ಥಾಯ್ಲೆಂಡಿನಲ್ಲಿ 16,000ಕ್ಕೂ ಹೆಚ್ಚು ಜನರಲ್ಲಿ ನಡೆದ ಪರೀಕ್ಷೆಯ ಫಲ ಹೊರಬಿದ್ದಾಗ ಲಸಿಕೆಯು ಸೋಂಕನ್ನು ತಗ್ಗಿಸಿದುದು ಶೇಕಡ 31ರಷ್ಟು ಮಾತ್ರ ಎಂದು ತಿಳಿದುಬಂದಿತು. ಅದಕ್ಕಿಂತ ಮೇಲಾದುದು ಇನ್ನೂ ಬಂದಿಲ್ಲ.

ಆದರೆ ಪ್ರಕೃತಿಯು ಒಂದು ಸುಳಿವನ್ನು ಕೊಟ್ಟಿತು. ಬಹುಕಾಲ ಸೋಂಕಿನೊಡನೆ ಬಾಳಿದ ಕೆಲವರ ರಕ್ತದಲ್ಲಿ, ವೈರಸ್ಸಿನ ನಾನಾ ವೇಷಗಳನ್ನೂ ಗುರುತಿಸಿ ಹಿಡಿಯಬಲ್ಲ ಅಪರೂಪದ ಪ್ರತಿಕಾಯಗಳು ಸಿಕ್ಕಿದವು. 2010ರಲ್ಲಿ ಪ್ರಕಟವಾದ ‘ವಿ.ಆರ್.ಸಿ. 01’ ಎಂಬುದು ಅವುಗಳಲ್ಲಿ ಪ್ರಸಿದ್ಧವಾದುದು. ಇದನ್ನು ಕಾರ್ಖಾನೆಯಲ್ಲಿ ಮಾಡಿ ರಕ್ತನಾಳಕ್ಕೆ ಹರಿಸಬಹುದು. ಆದರೆ ಕೆಲವು ವಾರಗಳಲ್ಲಿ ಅದು ಕರಗಿಹೋಗುತ್ತದೆ, ಮತ್ತೆ ಮತ್ತೆ ಹರಿಸುತ್ತಲೇ ಇರಬೇಕು. ಆಗ ವಿಜ್ಞಾನಿಗಳಿಗೆ ಹೊಳೆದ ಯೋಚನೆ ಸರಳವೂ ಸಾಹಸದ್ದೂ ಆದುದು. ಊಟವನ್ನು ದಿನವೂ ಹೊತ್ತು ತರುವುದಕ್ಕಿಂತ ಅಡುಗೆಯ ಕ್ರಮವನ್ನೇ ಮನೆಗೆ ಬರೆದು ಕಳಿಸಿದರಾಗದೆ? ಪ್ರತಿಕಾಯವನ್ನು ಕೊಡುವ ಬದಲು, ಪ್ರತಿಕಾಯವನ್ನು ತಯಾರಿಸುವ ವಂಶವಾಹಿಯನ್ನೇ ಸ್ನಾಯುವಿನ ಜೀವಕೋಶಗಳಿಗೆ ತಲುಪಿಸಿಬಿಟ್ಟರೆ, ಮೈಯೇ ತನಗೆ ಬೇಕಾದ ಔಷಧದ ಕಾರ್ಖಾನೆಯಾಗುತ್ತದೆ.

ಆ ಓಲೆಯನ್ನು ತಲುಪಿಸುವ ಅಂಚೆಯವನೇ ಇನ್ನೊಂದು ವೈರಸ್ಸು. ಜೀವಕೋಶದ ಬಾಗಿಲನ್ನು ತೆರೆದು ಒಳಗೆ ಹೋಗುವ ವಿದ್ಯೆಯಲ್ಲಿ ವೈರಸ್ಸಿಗಿಂತ ನಿಪುಣರಾರಿದ್ದಾರೆ? 1965ರಲ್ಲಿ ಅಡಿನೋ ಎಂಬ ಬೇರೊಂದು ವೈರಸ್ಸಿನ ಜೊತೆಯಲ್ಲಿ ಕಲಬೆರಕೆಯಾಗಿ ಕಾಣಿಸಿಕೊಂಡ ‘ಅಡಿನೋ-ಸಹವರ್ತಿ ವೈರಸ್ಸು’ ಈ ಕೆಲಸಕ್ಕೆ ಒದಗಿತು. ಇದು ಮನುಷ್ಯರಿಗೆ ರೋಗ ತಂದುದು ಕಂಡುಬಂದಿಲ್ಲ. ಅದರ ಒಳಗಿನ ವಂಶವಾಹಿಗಳನ್ನು ತೆಗೆದು ಬರಿಯ ಚಿಪ್ಪನ್ನು ಉಳಿಸಿಕೊಂಡು, ಅದರಲ್ಲಿ ಪ್ರತಿಕಾಯದ ವಂಶವಾಹಿಯನ್ನು ತುಂಬಿ ತೋಳಿಗೋ ತೊಡೆಗೋ ಚುಚ್ಚುತ್ತಾರೆ. ಸ್ನಾಯುವಿನ ಕೋಶಗಳು ದೀರ್ಘಾಯುಗಳು. ಆದ್ದರಿಂದ ಒಮ್ಮೆ ತಲುಪಿದ ಓಲೆಯನ್ನು ಅವು ವರ್ಷಗಟ್ಟಲೆ ಓದುತ್ತಾ ಇರಬಲ್ಲವು. ಮಕ್ಕಳಿಗೆ ಇದು ವಂಶಪಾರಂಪರ್ಯವಾಗಿ ಹೋಗಬೇಕೆಂಬ ಉದ್ದೇಶ ಇದರಲ್ಲಿಲ್ಲ.

ಫಲವೇನಾಯಿತು? 2009ರಲ್ಲಿ ಅಮೆರಿಕದ ಫಿಲಿಪ್ ಜಾನ್ಸನ್ ಅವರ ತಂಡವು ಇದೇ ತತ್ವದ ಮೇಲೆ ಒಂಬತ್ತು ಕೋತಿಗಳಿಗೆ ವಂಶವಾಹಿಯನ್ನು ಕೊಟ್ಟು, ಕೋತಿಗಳ ಎಚ್.ಐ.ವಿ.ಯಂಥ ವೈರಸ್ಸನ್ನು ಚುಚ್ಚಿದಾಗ ಆರು ಕೋತಿಗಳು ಸೋಂಕಿನಿಂದ ಪಾರಾದವು. 2011ರಲ್ಲಿ ನೊಬೆಲ್ ಪುರಸ್ಕೃತ ಡೇವಿಡ್ ಬಾಲ್ಟಿಮೋರ್ ಅವರ ಪ್ರಯೋಗಶಾಲೆಯಲ್ಲಿ ಮನುಷ್ಯರ ರಕ್ತಕೋಶಗಳನ್ನು ಹೊತ್ತ ಇಲಿಗಳಿಗೆ ಒಂದೇ ಒಂದು ಚುಚ್ಚುಮದ್ದು ಕೊಟ್ಟಾಗ, ಸಾಮಾನ್ಯ ಸೋಂಕಿಗೆ ಬೇಕಾದುದಕ್ಕಿಂತ ಎಷ್ಟೋ ಪಾಲು ಹೆಚ್ಚು ವೈರಸ್ಸನ್ನು ಹಾಕಿದರೂ ಅವು ಉಳಿದುಕೊಂಡವು. ಲೋಕವೆಲ್ಲ ಹರ್ಷಿಸಿತು. ಆದರೆ ಇಲಿ ಬೇರೆ, ಮನುಷ್ಯ ಬೇರೆ. 2019ರಲ್ಲಿ ಪ್ರಕಟವಾದ, ಇಂಗ್ಲೆಂಡಿನಲ್ಲಿ ಆರೋಗ್ಯವಂತ ಪುರುಷರ ಮೇಲೆ ನಡೆದ ಮೊದಲ ಪರೀಕ್ಷೆಯಲ್ಲಿ ರಕ್ತದಲ್ಲಿ ಅಳೆಯಬಹುದಾದಷ್ಟು ಪ್ರತಿಕಾಯ ಕಾಣಲಿಲ್ಲ. ಕೆಲವರ ಮೈಯಂತೂ ಬಂದ ಪ್ರತಿಕಾಯವನ್ನೇ ಶತ್ರುವೆಂದು ತಿಳಿದು ಅದರ ಮೇಲೆ ಬಿದ್ದಿತು. 2022ರಲ್ಲಿ ಪ್ರಕಟವಾದ ಇನ್ನೊಂದು ಪರೀಕ್ಷೆ ಆಶಾದಾಯಕವಾದುದು: ಆಗಲೇ ಸೋಂಕಿದ್ದು ಮಾತ್ರೆ ನುಂಗುತ್ತಿದ್ದ ಎಂಟು ಜನರಿಗೆ ಕೊಟ್ಟಾಗ ಎಂಟೂ ಜನರ ಮೈ ಪ್ರತಿಕಾಯವನ್ನು ತಯಾರಿಸಿತು, ಕೆಲವರಲ್ಲಿ ಅದು ಸುಮಾರು ಮೂರು ವರ್ಷ ನಿಂತಿತು. ಎಂಟರಲ್ಲಿ ಮೂವರ ಮೈ ಅದಕ್ಕೆ ತಿರುಗಿಬಿದ್ದುದೂ ಉಂಟು. ಅಲ್ಲದೆ ವಿ.ಆರ್.ಸಿ. 01 ಒಂದನ್ನೇ ರಕ್ತಕ್ಕೆ ಹರಿಸಿ ನೋಡಿದ ದೊಡ್ಡ ಪರೀಕ್ಷೆಗಳ ಫಲ 2021ರಲ್ಲಿ ಬಂದಾಗ, ಆ ಪ್ರತಿಕಾಯಕ್ಕೆ ಮಣಿಯುವ ವೈರಸ್ಸಿನ ತಳಿಗಳನ್ನು ಮಾತ್ರ ಅದು ತಡೆದೀತು, ಮಿಕ್ಕವನ್ನು ತಡೆಯದು ಎಂದು ಗೊತ್ತಾಯಿತು. ಎಂದರೆ ಒಬ್ಬ ಕಾವಲುಗಾರ ಸಾಲದು. ಇಬ್ಬರೋ ಮೂವರೋ ಬೇಕು.

ಭಾರತವು ಈ ಕಥೆಯಲ್ಲಿ ಬರಿಯ ಪ್ರೇಕ್ಷಕನಲ್ಲ ಎಂಬುದನ್ನು ನಮ್ಮಲ್ಲಿ ಬಹಳ ಜನ ಅರಿಯರು. ನಮ್ಮ ದೇಶದ ಮೊತ್ತಮೊದಲ ಎಚ್.ಐ.ವಿ. ಲಸಿಕೆಯ ಪರೀಕ್ಷೆ 2005ರ ಫೆಬ್ರವರಿಯಲ್ಲಿ ಪುಣೆಯ ರಾಷ್ಟ್ರೀಯ ಏಡ್ಸ್ ಸಂಶೋಧನಾ ಸಂಸ್ಥೆಯಲ್ಲಿ ಆರಂಭವಾಯಿತು. ಅದಕ್ಕೆ ವಾಹನವಾಗಿದ್ದುದು ಇದೇ ಅಡಿನೋ-ಸಹವರ್ತಿ ವೈರಸ್ಸು. ಆಗ ಅದು ಹೊತ್ತುದು ಪ್ರತಿಕಾಯದ ವಂಶವಾಹಿಯನ್ನಲ್ಲ, ಎಚ್.ಐ.ವಿ.ಯದೇ ಕೆಲವು ತುಣುಕುಗಳನ್ನು. ಮೂವತ್ತು ಮಂದಿ ಆರೋಗ್ಯವಂತ ಸ್ವಯಂಸೇವಕರು ಮುಂದೆ ಬಂದರು. ಲಸಿಕೆ ನಿರಪಾಯವೆನಿಸಿತು, ಆದರೆ ಮೈಯಲ್ಲಿ ಎಬ್ಬಿಸಿದ ಎಚ್ಚರ ಸಾಲದಾಯಿತು, ಅದು ಮುಂದುವರಿಯಲಿಲ್ಲ. ಆ ಮೂವತ್ತು ಮಂದಿಯ ಹೆಸರುಗಳು ನಮಗೆ ತಿಳಿಯವು, ತಿಳಿಯಲೂಬಾರದು. ಆದರೆ ಸೋತ ಪ್ರಯೋಗದಲ್ಲಿಯೂ ಸ್ವಂತ ಮೈಯನ್ನು ಕೊಟ್ಟವರ ಋಣ ದೊಡ್ಡದು. ನಮ್ಮ ಬೆಂಗಳೂರಿನಲ್ಲಿಯೂ ಇದರ ಕೆಲಸ ನಡೆದಿದೆ. ಭಾರತದಲ್ಲಿ ಹಬ್ಬಿರುವುದು ಬಹುಮಟ್ಟಿಗೆ ‘ಸಿ’ ಎಂಬ ಉಪಜಾತಿಯ ವೈರಸ್ಸು. ಜಕ್ಕೂರಿನ ಜವಾಹರಲಾಲ್ ನೆಹರೂ ಕೇಂದ್ರದಲ್ಲಿ ಉದಯಕುಮಾರ್ ರಂಗ ಅವರ ತಂಡವು ಈ ಉಪಜಾತಿಯ ಗುಣಗಳನ್ನೂ, ನಮ್ಮಲ್ಲಿ ಅದರ ಹೊಸ ತಳಿಗಳು ತಲೆಯೆತ್ತುವುದನ್ನೂ ಪರಿಶೀಲಿಸಿದೆ. ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ರಾಘವನ್ ವರದರಾಜನ್ ಅವರ ತಂಡವು ವೈರಸ್ಸಿನ ಹೊರಕವಚವನ್ನು ಹಿಡಿದು ಲಸಿಕೆಯ ದಾರಿಯನ್ನು ಹುಡುಕಿದೆ. ಇನ್ನೊಂದು ವಿಚಿತ್ರವನ್ನು ಹೇಳಬೇಕು. ವೆಲ್ಲೂರಿನ ಕ್ರಿಶ್ಚಿಯನ್ ಮೆಡಿಕಲ್ ಕಾಲೇಜಿನ ವೈದ್ಯರು ರಕ್ತ ಹೆಪ್ಪುಗಟ್ಟದ ಹಿಮೋಫಿಲಿಯ ರೋಗದ ಐದು ಮಂದಿಗೆ ವಂಶವಾಹಿ ಚಿಕಿತ್ಸೆ ಕೊಟ್ಟು ಗುಣ ಕಂಡುದನ್ನು 2024ರಲ್ಲಿ ಪ್ರಕಟಿಸಿದರು. ಅಲ್ಲಿ ಅಂಚೆಯವನಾಗಿ ದುಡಿದುದು ಎಚ್.ಐ.ವಿ.ಯ ಕುಲದ್ದೇ ಆದ, ಹಲ್ಲು ಕಿತ್ತ ವೈರಸ್ಸು! ಕೊಲ್ಲುವವನ ಕೈಯಿಂದಲೇ ಕಾಯುವ ಕೆಲಸವನ್ನು ಮಾಡಿಸಿದುದು ನಮ್ಮ ನೆರೆಯಲ್ಲಿಯೇ.

ಈ ಮಾರ್ಗ ನಮಗೆ ಬೇಕೇ? ಬೇಕೆಂಬುದೇ ನನ್ನ ಅಭಿಪ್ರಾಯ. ಅದಕ್ಕೆ ಕಾರಣ ವಿಜ್ಞಾನದ ಬೆರಗಲ್ಲ, ನಮ್ಮ ಜನರ ಬಾಳು. ದಿನವೂ ನುಂಗುವ ಮಾತ್ರೆಯಿಂದ ಸೋಂಕನ್ನು ಮುಂಚಿತವಾಗಿ ತಡೆಯುವ ಉಪಾಯ ಈಗಾಗಲೇ ಇದೆ. ಆದರೆ ಎರಡು ಕೋಣೆಯ ಬಾಡಿಗೆ ಮನೆಯಲ್ಲಿ ಅತ್ತೆ, ಮಾವ, ಮಕ್ಕಳ ನಡುವೆ ಬಾಳುವ ಹೆಣ್ಣುಮಗಳೊಬ್ಬಳು ಆ ಮಾತ್ರೆಯ ಡಬ್ಬಿಯನ್ನು ಎಲ್ಲಿಡಬೇಕು? ವರ್ಷದಲ್ಲಿ ಎಂಟು ತಿಂಗಳು ಹೊರಗೆ ದುಡಿಯುವ ಗಂಡನನ್ನು ಅವಳು ಏನೆಂದು ಕೇಳಬೇಕು? ಡಬ್ಬಿ ಕಂಡರೆ ರೋಗವಿಲ್ಲದವಳಿಗೂ ರೋಗದ ಹೆಸರು ಬರುತ್ತದೆ. ನಮ್ಮಲ್ಲಿ ಈ ರೋಗಕ್ಕಿಂತ ಹೆಸರಿಗೆ ಹೆದರುವವರು ಹೆಚ್ಚು. ಹೆದರಿಕೆಯಿಂದಲೇ ಎಷ್ಟೋ ಜನ ತಮ್ಮ ತಾಲ್ಲೂಕಿನ ಕೇಂದ್ರವನ್ನು ಬಿಟ್ಟು, ಗುರುತಿನವರಾರೂ ಇಲ್ಲದ ದೂರದ ಊರಿನ ಸಾಲಿನಲ್ಲಿ ನಿಲ್ಲುತ್ತಾರೆ. ಒಮ್ಮೆ ಚುಚ್ಚಿಸಿಕೊಂಡರೆ ವರ್ಷಗಟ್ಟಲೆ ಕಾಯುವ, ಡಬ್ಬಿಯಿಲ್ಲದ, ಸಾಲಿಲ್ಲದ, ಯಾರ ಅಪ್ಪಣೆಯೂ ಬೇಡದ ರಕ್ಷಣೆಯು ಶ್ರೀಮಂತರಿಗಿಂತ ಇಂಥವರಿಗೇ ಹೆಚ್ಚು ಬೇಕಾದುದು.

ಇಲ್ಲಿ ಒಂದು ಆಕ್ಷೇಪಣೆ ಬರಬಹುದು. ವರ್ಷಕ್ಕೆ ಎರಡೇ ಸಲ ಕೊಡುವ ಲೆನಕಾಪವಿರ್ ಎಂಬ ಚುಚ್ಚುಮದ್ದು ಬಂದಿದೆಯಲ್ಲ. ದಕ್ಷಿಣ ಆಫ್ರಿಕ ಮತ್ತು ಉಗಾಂಡಗಳಲ್ಲಿ ಅದನ್ನು ಪಡೆದ ಎರಡು ಸಾವಿರಕ್ಕೂ ಮಿಕ್ಕ ಹೆಣ್ಣುಮಕ್ಕಳಲ್ಲಿ ಒಬ್ಬರಿಗೂ ಸೋಂಕು ತಗಲಲಿಲ್ಲವೆಂದು 2024ರಲ್ಲಿ ತಿಳಿಯಿತಲ್ಲ. ಅದಿರುವಾಗ ವೈರಸ್ಸಿನ ಗೊಡವೆ ಏಕೆ? ಈ ಆಕ್ಷೇಪಣೆ ತೂಕವುಳ್ಳದ್ದು. ಇಂದು ಸೋಂಕಿನ ಅಂಚಿನಲ್ಲಿರುವವರಿಗೆ ಇಂದಿನ ಸಾಧನವೇ ಸಲ್ಲಬೇಕು. ನಾಳೆಯ ಕನಸನ್ನು ತೋರಿಸಿ ಇಂದಿನ ಅನ್ನವನ್ನು ಕಸಿಯಬಾರದು. ಆದರೆ ಆರು ತಿಂಗಳಿಗೊಮ್ಮೆ ಬರುವುದೂ ಎಲ್ಲರಿಗೂ ಸಾಧ್ಯವಲ್ಲ. ಔಷಧವು ಹಣವನ್ನೂ ಪರದೇಶಗಳ ಔದಾರ್ಯವನ್ನೂ ನಂಬಿಕೊಂಡಿದ್ದರೆ ಔದಾರ್ಯವು ನಿಂತ ದಿನ ರಕ್ಷಣೆಯೂ ನಿಲ್ಲುತ್ತದೆ. ಆದುದರಿಂದ ಎರಡೂ ಬೇಕು, ಒಂದು ಇಂದಿಗೆ, ಇನ್ನೊಂದು ಮುಂದಿಗೆ.

ಹಾಗೆಂದು ಭಯಪಡಬೇಕಾದುದಕ್ಕೆ ಭಯಪಡದಿರುವುದು ಜಾಣತನವಲ್ಲ. ಚುಚ್ಚುಮದ್ದು ಮೈಗೆ ಸೇರದಿದ್ದರೆ ಮುಂದಿನ ಸಲ ಬಿಡಬಹುದು, ಮಾತ್ರೆಯನ್ನು ನಿಲ್ಲಿಸಬಹುದು. ಆದರೆ ಜೀವಕೋಶಕ್ಕೆ ಸೇರಿಸಿದ ಓಲೆಯನ್ನು ಹಿಂದಕ್ಕೆ ಕರೆಯುವ ಉಪಾಯ ಈವರೆಗಿನ ಈ ಪರೀಕ್ಷೆಗಳಲ್ಲಿ ಇರಲಿಲ್ಲ. ಅಷ್ಟೇ ಅಲ್ಲ, ಒಮ್ಮೆ ಈ ವೈರಸ್ಸನ್ನು ಕಂಡ ಮೈ ಅದರ ಮೇಲೆ ಪ್ರತಿಕಾಯಗಳನ್ನು ಬೆಳೆಸಿಕೊಳ್ಳುವುದರಿಂದ, ಅದೇ ಅಂಚೆಯವನನ್ನು ಎರಡನೆಯ ಸಲ ಕಳಿಸುವುದೂ ಕಷ್ಟ. ನಾಳೆ ಅವನಿಗೆ ಬೇರೊಂದು ರೋಗಕ್ಕೆ ಇದೇ ಮಾರ್ಗದ ಚಿಕಿತ್ಸೆ ಬೇಕಾದರೆ ಬಾಗಿಲು ಮುಚ್ಚಿರಬಹುದು. 1999ರಲ್ಲಿ ಅಮೆರಿಕದ ಫಿಲಡೆಲ್ಫಿಯದಲ್ಲಿ ಜೆಸ್ಸಿ ಗೆಲ್ಸಿಂಗರ್ ಎಂಬ 18 ವರ್ಷದ ತರುಣ ವಂಶವಾಹಿ ಚಿಕಿತ್ಸೆಯ ಪ್ರಯೋಗಕ್ಕೆ ತಾನಾಗಿ ಮುಂದೆ ಬಂದು, ಚುಚ್ಚಿದ ಅಡಿನೋ ವೈರಸ್ಸಿಗೆ ಮೈ ಉಗ್ರವಾಗಿ ತಿರುಗಿಬಿದ್ದು, ನಾಲ್ಕು ದಿನಗಳಲ್ಲಿ ಮೃತನಾದನು. ಅದೇ ಬಗೆಯ ಪ್ರಯೋಗದಲ್ಲಿ ಕೋತಿಗಳು ಸತ್ತಿದ್ದುದನ್ನು ಅವನು ಸಹಿ ಹಾಕಿದ ಕಾಗದದಲ್ಲಿ ತಿಳಿಸಿರಲಿಲ್ಲವೆಂದು ತನಿಖೆಯಿಂದ ಹೊರಬಿದ್ದಿತು. 2007ರಲ್ಲಿ ಅಡಿನೋ ವೈರಸ್ಸನ್ನೇ ವಾಹನವಾಗಿ ಮಾಡಿಕೊಂಡ ಎಚ್.ಐ.ವಿ. ಲಸಿಕೆಯೊಂದರ ಪರೀಕ್ಷೆಯನ್ನು ನಡುವೆಯೇ ನಿಲ್ಲಿಸಬೇಕಾಯಿತು: ಆ ವಾಹನದ ವೈರಸ್ಸಿಗೆ ಮೊದಲೇ ಮೈಯೊಡ್ಡಿದ್ದ ಕೆಲವು ಪುರುಷರಲ್ಲಿ ಸೋಂಕು ತಗ್ಗುವ ಬದಲು ಹೆಚ್ಚಿದಂತೆ ಕಂಡಿತು. 2018ರಲ್ಲಿ ಚೀನದ ಹೆ ಜಿಯಾನ್‌ಕುಯಿ ಎಂಬವನು ಇನ್ನೊಂದು ಮಾರ್ಗ ಹಿಡಿದು, ಎಚ್.ಐ.ವಿ. ತಗಲಬಾರದೆಂದು ಭ್ರೂಣಗಳ ವಂಶವಾಹಿಯನ್ನೇ ತಿದ್ದಿ ಶಿಶುಗಳನ್ನು ಹುಟ್ಟಿಸಿ, 2019ರಲ್ಲಿ ಸೆರೆಮನೆ ಸೇರಿದನು. ಈ ಮೂರೂ ಕಥೆಗಳಲ್ಲಿ ಉದ್ದೇಶ ಕೆಟ್ಟುದೆಂದು ಹೇಳಲಾಗದು. ಆದರೆ ಮೊದಲನೆಯದರಲ್ಲಿ ಒಪ್ಪಿಗೆ ಅಪೂರ್ಣವಾಗಿತ್ತು, ಎರಡನೆಯದರಲ್ಲಿ ಜ್ಞಾನ ಅಪೂರ್ಣವಾಗಿತ್ತು, ಮೂರನೆಯದರಲ್ಲಿ ಒಪ್ಪಬೇಕಾದವರು ಇನ್ನೂ ಹುಟ್ಟಿಯೇ ಇರಲಿಲ್ಲ.

ಬೆಲೆಯ ಮಾತೂ ಬರಬೇಕು. ಅಡಿನೋ-ಸಹವರ್ತಿ ವೈರಸ್ಸಿನಿಂದ ಮಾಡಿದ, ಎಳೆಯ ಮಕ್ಕಳ ಸ್ನಾಯುಕ್ಷಯದ ಒಂದು ಚಿಕಿತ್ಸೆಗೆ ನಮ್ಮಲ್ಲಿ ಸುಮಾರು 16 ಕೋಟಿ ರೂಪಾಯಿಗಳಾಗುತ್ತದೆಂದು ಪತ್ರಿಕೆಗಳಲ್ಲಿ ಓದಿ ನಾವೆಲ್ಲ ನಿಟ್ಟುಸಿರು ಬಿಟ್ಟಿದ್ದೇವೆ. ಈ ಬೆಲೆಗೆ ರಕ್ಷಣೆ ಬಂದರೆ ಅದು ಯಾರ ರಕ್ಷಣೆ? ಆದರೆ ಬೆಲೆಯು ವಿಧಿಲಿಖಿತವಲ್ಲ. 2001ರಲ್ಲಿ, ವರ್ಷಕ್ಕೆ ಹತ್ತು ಸಾವಿರ ಡಾಲರ್ ಮೀರಿದ್ದ ಎಚ್.ಐ.ವಿ. ಔಷಧಗಳನ್ನು ಸಿಪ್ಲಾ ಸಂಸ್ಥೆಯ ಯೂಸುಫ್ ಹಮೀದ್ ಅವರು 350 ಡಾಲರಿಗೆ ಕೊಡುವೆನೆಂದು ಮುಂದೆ ಬಂದಾಗ ಜಗತ್ತೇ ಬೆರಗಾಯಿತು. ಆ ಸಂಸ್ಥೆಯ ಒಂದು ಕಾರ್ಖಾನೆ ಕೃಷ್ಣರಾಜಪುರದ ಆಚೆ ವಿರ್ಗೊನಗರದಲ್ಲಿ, ನಾವು ಬಸ್ಸಿನಲ್ಲಿ ಹಾದುಹೋಗುವ ಹಳೆಯ ಮದರಾಸು ರಸ್ತೆಯಲ್ಲಿಯೇ ಇದೆ. ಲೆನಕಾಪವಿರನ್ನು ವರ್ಷಕ್ಕೆ 40 ಡಾಲರಿನ ಸುಮಾರಿಗೆ 2027ರಿಂದ ಬಡ ದೇಶಗಳಿಗೆ ಒದಗಿಸುವುದಾಗಿ 2025ರಲ್ಲಿ ಒಪ್ಪಿದವೂ ಭಾರತದ ಎರಡು ಸಂಸ್ಥೆಗಳೇ. ಮಾತ್ರೆಯಲ್ಲಿ ಸಾಧಿಸಿದುದನ್ನು ವಂಶವಾಹಿಯಲ್ಲಿಯೂ ಸಾಧಿಸಬಹುದು. ಆದರೆ ಸಂಶೋಧನೆಯ ಸ್ವಾಮ್ಯ ಮೊದಲಿನಿಂದಲೇ ನಮ್ಮಲ್ಲಿಯೂ ಇದ್ದರೆ ಮಾತ್ರ.

ಕೊನೆಯದಾಗಿ, ನನಗೆ ಎಲ್ಲಕ್ಕಿಂತ ಮುಖ್ಯವೆನಿಸಿದ ಮಾತು. ನಮ್ಮ ಮನೆಯಲ್ಲಿ ಕಾಲೇಜಿನ ಮೆಟ್ಟಲು ಹತ್ತಿದವರಲ್ಲಿ ನಾನೇ ಮೊದಲನೆಯವನು. ಆಸ್ಪತ್ರೆಯ ಕಾಗದ ಬಂದರೆ ನಮ್ಮ ಬೀದಿಯ ಮೂರು ನಾಲ್ಕು ಮನೆಯವರು ಓದಿಸಿಕೊಳ್ಳಲು ನನ್ನ ಬಳಿಗೆ ಬರುವರು. ಅದರಲ್ಲಿ ಇರುವುದು ಇಂಗ್ಲಿಷು. ಕನ್ನಡವಿದ್ದರೆ ಅದು ಇಂಗ್ಲಿಷಿಗಿಂತಲೂ ಕಠಿನವಾದ ಕನ್ನಡ. ‘ಮೇಲ್ಕಂಡ ವಿಧಾನದ ಸಂಭಾವ್ಯ ಪ್ರತಿಕೂಲ ಪರಿಣಾಮಗಳನ್ನು ಗ್ರಹಿಸಿರುತ್ತೇನೆ’ ಎಂಬ ವಾಕ್ಯದ ಕೆಳಗೆ, ಅದನ್ನು ಗ್ರಹಿಸದ ಮುದುಕಿಯ ಹೆಬ್ಬೆಟ್ಟು! ಇಂಥ ಒಪ್ಪಿಗೆಗೆ ಒಪ್ಪಿಗೆಯೆಂದು ಹೆಸರಿಡುವುದು ಭಾಷೆಗೂ ಅವಮಾನ, ಮನುಷ್ಯರಿಗೂ ಅವಮಾನ. ಇದು ನಮ್ಮ ಬೀದಿಗೆ ಮಾತ್ರ ಸೀಮಿತವಾದುದಲ್ಲ. 2009ರಲ್ಲಿ ಖಮ್ಮಂ ಮತ್ತು ವಡೋದರಗಳಲ್ಲಿ ಹೆಣ್ಣುಮಕ್ಕಳಿಗೆ ಗರ್ಭಕಂಠದ ಕ್ಯಾನ್ಸರಿನ ಲಸಿಕೆ ಕೊಟ್ಟ ಯೋಜನೆಯನ್ನು ಪರಿಶೀಲಿಸಿದ ಸಂಸತ್ತಿನ ಸಮಿತಿಯು, ತಂದೆತಾಯಿಗಳು ಹಾಕಬೇಕಾದ ಸಹಿಯನ್ನು ಎಷ್ಟೋ ಕಡೆ ಹಾಸ್ಟೆಲಿನ ವಾರ್ಡನ್ನರು ಹಾಕಿದ್ದರೆಂದು 2013ರಲ್ಲಿ ಖಂಡಿಸಿತು. ಲಸಿಕೆ ಒಳ್ಳೆಯದೇ ಆಗಿದ್ದರೂ ಸಹಿ ಸುಳ್ಳಾದರೆ ಜನರ ವಿಶ್ವಾಸ ಮುರಿಯುತ್ತದೆ. ಮುರಿದ ವಿಶ್ವಾಸಕ್ಕೆ ಚುಚ್ಚುಮದ್ದಿಲ್ಲ.

ಇನ್ನೊಂದು ಸೂಕ್ಷ್ಮವಿದೆ. ಎಚ್.ಐ.ವಿ. ಲಸಿಕೆಯ ಪ್ರಯೋಗಕ್ಕೆ ಒಳಗಾದ ಆರೋಗ್ಯವಂತನ ರಕ್ತವೂ ಮುಂದೆ ಸಾಮಾನ್ಯ ಪರೀಕ್ಷೆಯಲ್ಲಿ ‘ಪಾಸಿಟಿವ್’ ಎಂದು ಸುಳ್ಳಾಗಿ ತೋರಬಹುದು. ಮದುವೆಯ ಮಾತುಕತೆಯಲ್ಲಿ, ಕೆಲಸದ ವೈದ್ಯಪರೀಕ್ಷೆಯಲ್ಲಿ ಅದರ ಅರ್ಥವೇನಾಗುವುದೆಂದು ನಮ್ಮ ಸಮಾಜವನ್ನು ಬಲ್ಲವರಿಗೆ ಹೇಳಬೇಕಾಗಿಲ್ಲ. 2018ರ ಸೆಪ್ಟೆಂಬರಿನಿಂದ ಜಾರಿಗೆ ಬಂದಿರುವ ಎಚ್.ಐ.ವಿ. ಮತ್ತು ಏಡ್ಸ್ ಕಾಯಿದೆಯು ಒಪ್ಪಿಗೆಯಿಲ್ಲದ ಪರೀಕ್ಷೆಯನ್ನೂ ಭೇದಭಾವವನ್ನೂ ನಿಷೇಧಿಸಿದೆ. ಆದರೆ ಕಾಯಿದೆಯಿದೆಯೆಂದು ಬಲ್ಲವರು ನಮ್ಮ ತರಗತಿಯಲ್ಲಿಯೇ ಎಷ್ಟು ಜನ?

ಆದುದರಿಂದ ನನ್ನ ಅಭಿಪ್ರಾಯವನ್ನು ಮೂರು ಮಾತುಗಳಲ್ಲಿ ಹೇಳುವೆನು. ಮೊದಲನೆಯದು, ಈ ಸಂಶೋಧನೆ ನಮ್ಮ ದೇಶದಲ್ಲಿ, ನಮ್ಮಲ್ಲಿರುವ ಉಪಜಾತಿಯ ವೈರಸ್ಸನ್ನು ಹಿಡಿದು, ಸರಕಾರದ ಹಣದಿಂದ ಧೈರ್ಯವಾಗಿ ನಡೆಯಲಿ. ಎರಡನೆಯದು, ಬೇಡವೆಂದಾಗ ನಿಲ್ಲಿಸುವ ಉಪಾಯವನ್ನು ವಂಶವಾಹಿಯಲ್ಲಿಯೇ ಕಟ್ಟಿ ಸಿದ್ಧಪಡಿಸುವವರೆಗೆ ಆರೋಗ್ಯವಂತರಿಗೆ ಇದನ್ನು ಸಾರ್ವತ್ರಿಕವಾಗಿ ಕೊಡದಿರಲಿ. ಪ್ರಯೋಗಕ್ಕೆ ಬಂದವರ ಆರೋಗ್ಯವನ್ನು ಜೀವಮಾನವಿಡೀ ನೋಡಿಕೊಳ್ಳುವ ಹೊಣೆ ಬರವಣಿಗೆಯಲ್ಲಿರಲಿ. ಮೂರನೆಯದು, ಮೈಸೂರಿನ ರಾಣಿಯರ ಕ್ರಮವನ್ನು ನೆನೆದು, ತಿಳಿದವರು, ಪ್ರಶ್ನೆ ಕೇಳಬಲ್ಲವರು ಮೊದಲು ತೋಳು ಒಡ್ಡಲಿ. ಬಡವನ ಸರದಿ ಪ್ರಯೋಗಕ್ಕೆ ಮೊದಲು, ಪ್ರಯೋಜನಕ್ಕೆ ಕೊನೆ ಎಂಬ ಹಳೆಯ ಪದ್ಧತಿ ಇಲ್ಲಿ ಬೇಡ.

ನಾವು ಮಾಡಬಹುದಾದ ಕೆಲಸವೂ ಒಂದಿದೆ. ಕಾಲೇಜುಗಳಲ್ಲಿ ರೆಡ್ ರಿಬ್ಬನ್ ಕ್ಲಬ್ಬುಗಳಿವೆ. ಡಿಸೆಂಬರ್ 1ರಂದು ಫಲಕ ಹಿಡಿದು ಜಾಥಾ ಹೊರಟು, ಮಧ್ಯಾಹ್ನಕ್ಕೆ ಫಲಕಗಳನ್ನು ಮೂಲೆಗೊರಗಿಸುವುದರಿಂದ ಯಾರಿಗೂ ಉಪಕಾರವಾಗದು. ಅದರ ಬದಲು ನಮ್ಮ ಕನ್ನಡ ವಿಭಾಗದ ಗುರುಗಳ ಮಾರ್ಗದರ್ಶನದಲ್ಲಿ ನಾವೇ ಕುಳಿತು, ಆಸ್ಪತ್ರೆಯ ಒಪ್ಪಿಗೆಯ ಕಾಗದವೊಂದನ್ನು ಹಲಸೂರಿನ ಮಾರುಕಟ್ಟೆಯಲ್ಲಿ ಸೊಪ್ಪು ಮಾರುವ ಅಮ್ಮನಿಗೆ ಅರ್ಥವಾಗುವ ಕನ್ನಡದಲ್ಲಿ ಬರೆದು ನೋಡಬಹುದು. ತಮಿಳು, ತೆಲುಗು, ಉರ್ದು ಬಲ್ಲ ಸಹಪಾಠಿಗಳು ನಮ್ಮಲ್ಲಿ ಬೇಕಾದಷ್ಟಿರುವರು. ಅವರವರ ಭಾಷೆಗೆ ಅವರವರು ತರಬಹುದು. ಬರೆದುದನ್ನು ಆ ಅಮ್ಮನಿಗೇ ಓದಿ ಹೇಳಿ, ‘ಏನು ತಿಳಿಯಿತಮ್ಮ?’ ಎಂದು ಕೇಳಬೇಕು. ಅವಳು ತನ್ನ ಮಾತಿನಲ್ಲಿ ಅದನ್ನು ತಿರುಗಿ ಹೇಳಿದರೆ ಆ ಕಾಗದ ತೇರ್ಗಡೆಯಾಯಿತು, ಇಲ್ಲವಾದರೆ ಮತ್ತೆ ಬರೆಯಬೇಕು. ಬಿ.ಎ. ಪದವಿಗೆ ಇದಕ್ಕಿಂತ ಒಳ್ಳೆಯ ಪರೀಕ್ಷೆ ನನಗೆ ತೋರದು.